ಸರಿಯಾದ ಸಾಲನ್ನೇ ಹಿಡಿಯುವುದು: ಕಾಫಿ ದರಪಟ್ಟಿಯ ಪುಟದಲ್ಲಿ ಜೆಕ್ವೆರಿ

ಕುಯ್ಲಿನ ತಿಂಗಳುಗಳಲ್ಲಿ ಚಿಕ್ಕಮಗಳೂರು ಸೀಮೆಯ ಕಾಫಿ ಬೆಳೆಗಾರರು ಬೆಳಿಗ್ಗೆ ಎದ್ದೊಡನೆ ವಿಚಾರಿಸುವುದು ಅಂದಿನ ದರವನ್ನು. ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರ್ರಿ, ರೋಬಸ್ಟಾ ಪಾರ್ಚ್‌ಮೆಂಟ್, ರೋಬಸ್ಟಾ ಚೆರ್ರಿ ಎಂಬ ನಾಲ್ಕು ಬಗೆಗಳಿಗೆ 50 ಕೆ.ಜಿ. ಚೀಲದ ಲೆಕ್ಕದಲ್ಲಿಯೂ, ತೋಟದ ಮರಗಳಿಗೆ ಹಬ್ಬಿಸಿದ ಕಾಳುಮೆಣಸಿಗೆ ಕೆ.ಜಿ. ಲೆಕ್ಕದಲ್ಲಿಯೂ ದರ ಹೇಳುವುದು ಇಲ್ಲಿನ ರೂಢಿ. ಹಣ್ಣಿನ ತಿರುಳು ತೆಗೆದು ಒಣಗಿಸಿದ್ದು ಪಾರ್ಚ್‌ಮೆಂಟ್, ಹಣ್ಣನ್ನು ಇಡಿಯಾಗಿ ಒಣಗಿಸಿದ್ದು ಚೆರ್ರಿ. ವರ್ತಕರೊಬ್ಬರಿಗಾಗಿ ನಾನು ಇಂಥದೊಂದು ದರಪಟ್ಟಿಯ ಪುಟವನ್ನು ನೋಡಿಕೊಳ್ಳುತ್ತಿದ್ದ ಕಾಲದಲ್ಲಿ, ರೋಬಸ್ಟಾ ಚೆರ್ರಿಯ ದರವನ್ನು ಬದಲಿಸಲೆಂದು ಬರೆದ ಒಂದು ಸಾಲಿನ ಕೋಡ್ ಪಟ್ಟಿಯ ಐದೂ ಸಾಲುಗಳಲ್ಲಿ ಅದೇ ದರವನ್ನು ತುಂಬಿಬಿಟ್ಟಿತು. ಒಂದು ಕೆ.ಜಿ. ಮೆಣಸಿನ ಮುಂದೆ ಒಂದು ಚೀಲ ಕಾಫಿಯ ಬೆಲೆ ಕಾಣಿಸಿಕೊಂಡಿತು. ಬ್ರೌಸರ್ ಯಾವ ದೋಷವನ್ನೂ ತೋರಿಸಲಿಲ್ಲ, ಏಕೆಂದರೆ ಕೋಡ್ ಹೇಳಿದ್ದನ್ನೇ ಅದು ಮಾಡಿತ್ತು. ‘ಬೆಲೆ’ ಎಂಬ ಕ್ಲಾಸ್ (ಪುಟದ ಒಂದೇ ಬಗೆಯ ಭಾಗಗಳಿಗೆ ಕೊಡುವ ಗುಂಪಿನ ಹೆಸರು) ಇರುವ ಎಲ್ಲವನ್ನೂ ನಾನು ಹಿಡಿದಿದ್ದೆ.

ಜೆಕ್ವೆರಿ (jQuery) ಎಂದರೆ ವೆಬ್ ಪುಟದ ಭಾಗಗಳನ್ನು ಆರಿಸಿ ಬದಲಾಯಿಸಲು ನೆರವಾಗುವ ಜಾವಾಸ್ಕ್ರಿಪ್ಟ್ ಲೈಬ್ರರಿ. ಅದರಲ್ಲಿ ಬದಲಾಯಿಸುವ ಕೆಲಸ ಬಹಳ ಸುಲಭ. ಎಚ್ಚರ ಬೇಕಾಗುವುದು ಆರಿಸುವ ಕೆಲಸದಲ್ಲಿ. ಹಣ್ಣಾದುದನ್ನು ಮಾತ್ರ ಬಿಡಿಸಿ ಹಸಿರು ಕಾಯಿಯನ್ನು ಗಿಡದಲ್ಲೇ ಉಳಿಸುವ ಮೊದಲ ಕುಯ್ಲಿಗೆ ಎಷ್ಟು ಗಮನ ಬೇಕೋ ಇಲ್ಲಿಯೂ ಅಷ್ಟೇ ಗಮನ ಬೇಕು. ಆದ್ದರಿಂದ ಈ ಮಾರ್ಗದರ್ಶಿಯ ಹೆಚ್ಚಿನ ಭಾಗವನ್ನು ಆಯ್ಕೆಗೇ ಮೀಸಲಿಟ್ಟಿದ್ದೇನೆ.

ಜೆಕ್ವೆರಿಯನ್ನು ಜಾನ್ ರೆಸಿಗ್ ಅವರು 2006ರಲ್ಲಿ ಬಿಡುಗಡೆ ಮಾಡಿದರು. ಒಂದೊಂದು ಬ್ರೌಸರ್ ಒಂದೊಂದು ರೀತಿ ವರ್ತಿಸುತ್ತಿದ್ದ ಆ ಕಾಲದಲ್ಲಿ ಎಲ್ಲಕ್ಕೂ ಸಲ್ಲುವ ಒಂದೇ ಬರವಣಿಗೆಯನ್ನು ಅದು ಕೊಟ್ಟಿತು. ಇಂದಿನ ಬ್ರೌಸರ್‌ಗಳಲ್ಲಿ ಬರಿಯ ಜಾವಾಸ್ಕ್ರಿಪ್ಟ್‌ನಿಂದಲೇ ಇದೇ ಕೆಲಸಗಳನ್ನು ಮಾಡಬಹುದಾದ್ದರಿಂದ, ಹೊಸದಾಗಿ ಕಟ್ಟುವ ಸಣ್ಣ ಪುಟಕ್ಕೆ ಜೆಕ್ವೆರಿ ಅನಿವಾರ್ಯವೆಂದು ನಾನು ಹೇಳುವುದಿಲ್ಲ. ಆದರೆ ಜಾಲತಾಣ ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್ ತನ್ನೊಂದಿಗೆ ಜೆಕ್ವೆರಿಯನ್ನು ಹೊತ್ತುಕೊಂಡೇ ಬರುತ್ತದೆ, ಮತ್ತು ನಮ್ಮ ಊರುಗಳ ಹೋಂಸ್ಟೇ, ಸಹಕಾರ ಸಂಘ, ವರ್ತಕರ ಹಳೆಯ ಪುಟಗಳನ್ನು ದುರಸ್ತಿ ಮಾಡುವವರಿಗೆ ಇದು ಮತ್ತೆ ಮತ್ತೆ ಎದುರಾಗುತ್ತದೆ.

ಓದುವ ಮುನ್ನ ಒಂದು ಸೂಚನೆ. ಟೆಕ್ಸ್ಟ್, ಫೈಂಡ್, ಆಡ್‌ಕ್ಲಾಸ್ ಮುಂತಾದ ಮೆಥಡ್‌ಗಳ (ಜೆಕ್ವೆರಿಗೆ ಕೊಡುವ ಆಜ್ಞೆಗಳ) ಹೆಸರನ್ನು ಇಲ್ಲಿ ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆದಿದ್ದೇನೆ. ಕೋಡ್‌ನಲ್ಲಿ ಅವುಗಳನ್ನು ಇಂಗ್ಲಿಷ್ ಕಾಗುಣಿತದಲ್ಲೇ ಬರೆಯಬೇಕು. ಐಡಿ (ಪುಟದ ಒಂದೇ ಒಂದು ಭಾಗಕ್ಕೆ ಕೊಡುವ ಗುರುತು) ಮತ್ತು ಕ್ಲಾಸ್‌ಗಳ ಹೆಸರುಗಳಿಗೆ ಈ ನಿರ್ಬಂಧವಿಲ್ಲ. ಅವು ಕನ್ನಡದಲ್ಲಿಯೇ ಇರಬಹುದು, ಜೆಕ್ವೆರಿ ಅವುಗಳನ್ನು ತಕರಾರಿಲ್ಲದೆ ಹುಡುಕುತ್ತದೆ. ಹಾಗಾಗಿ ಕೆಳಗಿನ ಸೆಲೆಕ್ಟರ್‌ಗಳನ್ನು, ಅಂದರೆ ಏನನ್ನು ಆರಿಸಬೇಕೆಂದು ಹೇಳುವ ಬರಹಗಳನ್ನು, ಇದ್ದಂತೆಯೇ ಬಳಸಬಹುದು.

ಮೊದಲಿಗೆ ಪುಟದ ತಲೆಭಾಗದಲ್ಲಿ ಅಕ್ಷರ ಸಂಕೇತವನ್ನು ಯುಟಿಎಫ್-8 ಎಂದು ಘೋಷಿಸಿರಿ ಮತ್ತು ಕಡತವನ್ನು ಅದೇ ಸಂಕೇತದಲ್ಲಿ ಉಳಿಸಿರಿ. ಅನಂತರ ಜೆಕ್ವೆರಿಯ ಸ್ಕ್ರಿಪ್ಟ್ ಅನ್ನು ಸೇರಿಸಿ, ನಿಮ್ಮ ಕೋಡ್ ಅದರ ನಂತರ ಬರುವಂತೆ ನೋಡಿಕೊಳ್ಳಿರಿ. ಕ್ರಮ ತಿರುವುಮುರುವಾದರೆ ಡಾಲರ್ ಚಿಹ್ನೆ ಏನೆಂದು ತಿಳಿದಿಲ್ಲ ಎಂಬ ದೋಷ ಬ್ರೌಸರ್‌ನ ಕನ್ಸೋಲ್‌ನಲ್ಲಿ (ದೋಷಗಳನ್ನು ತೋರಿಸುವ, ಕೋಡ್ ಬರೆದು ಪರೀಕ್ಷಿಸುವ ಕಿಟಕಿಯಲ್ಲಿ) ಬರುತ್ತದೆ. ವರ್ಡ್‌ಪ್ರೆಸ್‌ನಲ್ಲಿ ಕ್ರಮ ಸರಿಯಿದ್ದರೂ ಈ ದೋಷ ಬರುವುದುಂಟು, ಏಕೆಂದರೆ ಅಲ್ಲಿ ಡಾಲರ್ ಚಿಹ್ನೆಯನ್ನು ಬೇರೆಯವರಿಗಾಗಿ ಬಿಟ್ಟುಕೊಟ್ಟು ಜೆಕ್ವೆರಿ ಎಂಬ ಪೂರ್ಣ ಹೆಸರನ್ನು ಮಾತ್ರ ಉಳಿಸಿಕೊಳ್ಳಲಾಗಿದೆ. ನಿಮ್ಮ ಕೋಡ್ ಎಲ್ಲವನ್ನೂ ಒಂದು ಫಂಕ್ಷನ್‌ನೊಳಗಿಟ್ಟು ಆ ಫಂಕ್ಷನ್ ಅನ್ನು ಡಾಲರ್ ಆವರಣಕ್ಕೆ, ಅಂದರೆ $( ) ಒಳಗೆ (ವರ್ಡ್‌ಪ್ರೆಸ್‌ನಲ್ಲಾದರೆ jQuery( ) ಒಳಗೆ), ಕೊಟ್ಟರೆ, ಪುಟದ ರಚನೆ ಸಿದ್ಧವಾದ ಮೇಲೆಯೇ ಅದು ನಡೆಯುತ್ತದೆ. ಇದನ್ನು ಮರೆತರೆ, ಇನ್ನೂ ಹುಟ್ಟದಿರುವ ಸಾಲನ್ನು ಹುಡುಕಿ ಬರಿಗೈಯಲ್ಲಿ ಮರಳಿದಂತಾಗುತ್ತದೆ.

ಈಗ ನಮ್ಮ ಪುಟವನ್ನು ಕಲ್ಪಿಸಿಕೊಳ್ಳಿರಿ. ಇಡೀ ಪಟ್ಟಿಗೆ ‘ಇಂದಿನ-ದರ’ ಎಂಬ ಐಡಿ ಇದೆ. ಪ್ರತಿ ಸಾಲಿಗೂ ‘ಸಾಲು’ ಎಂಬ ಕ್ಲಾಸ್ ಇದ್ದು, ಕಾಫಿಯ ಸಾಲುಗಳಲ್ಲಿ ಅದರ ಜೊತೆಗೆ ಪ್ರಭೇದವನ್ನು ಹೇಳುವ ‘ಅರೇಬಿಕಾ’ ಅಥವಾ ‘ರೋಬಸ್ಟಾ’ ಮತ್ತು ಸಂಸ್ಕರಣೆಯನ್ನು ಹೇಳುವ ‘ಪಾರ್ಚಿ’ ಅಥವಾ ‘ಚೆರ್ರಿ’ ಎಂಬ ಕ್ಲಾಸ್‌ಗಳೂ ಇವೆ. ಸಾಲಿನೊಳಗೆ ದರ ಬರೆಯುವ ಜಾಗಕ್ಕೆ ‘ಬೆಲೆ’ ಎಂಬ ಕ್ಲಾಸ್ ಇದೆ. ರೋಬಸ್ಟಾ ಚೆರ್ರಿಯ ಬೆಲೆಯನ್ನಷ್ಟೇ ಹಿಡಿಯುವ ಸೆಲೆಕ್ಟರ್ ಹೀಗಿರುತ್ತದೆ:

$('#ಇಂದಿನ-ದರ .ಸಾಲು.ರೋಬಸ್ಟಾ.ಚೆರ್ರಿ .ಬೆಲೆ')

ಇಲ್ಲಿ # ಚಿಹ್ನೆ ಐಡಿಯನ್ನೂ ಚುಕ್ಕೆ ಕ್ಲಾಸ್ ಅನ್ನೂ ಸೂಚಿಸುತ್ತವೆ. ಈ ಸಾಲಿನ ಕೋಡ್‌ನಲ್ಲಿ ಎಲ್ಲಕ್ಕಿಂತ ಮುಖ್ಯವಾದುದು ಖಾಲಿ ಜಾಗ. ಕ್ಲಾಸ್‌ಗಳು ಜಾಗವಿಲ್ಲದೆ ಅಂಟಿಕೊಂಡಿದ್ದರೆ ಅವೆಲ್ಲ ಒಂದೇ ಎಲಿಮೆಂಟ್‌ನಲ್ಲಿ (ಪುಟದ ಒಂದು ಬಿಡಿ ಭಾಗದಲ್ಲಿ) ಇರಬೇಕೆಂದು ಅರ್ಥ. ನಡುವೆ ಜಾಗವಿದ್ದರೆ ಎರಡನೆಯದು ಮೊದಲನೆಯದರ ಒಳಗೆ, ಎಷ್ಟೇ ಆಳದಲ್ಲಾದರೂ, ಇರಬೇಕೆಂದು ಅರ್ಥ. ಕೆಳಗಿನ ಎರಡನ್ನು ಹೋಲಿಸಿರಿ:

$('.ಸಾಲು.ರೋಬಸ್ಟಾ')
$('.ಸಾಲು .ರೋಬಸ್ಟಾ')

ಮೊದಲನೆಯದು ರೋಬಸ್ಟಾದ ಎರಡು ಸಾಲುಗಳನ್ನು ಕೊಡುತ್ತದೆ. ಎರಡನೆಯದು ಸಾಲಿನ ಒಳಗೆ ರೋಬಸ್ಟಾ ಎಂಬ ಇನ್ನೊಂದು ಎಲಿಮೆಂಟ್ ಅನ್ನು ಹುಡುಕಿ, ಅಂಥದು ಇಲ್ಲವಾದ್ದರಿಂದ ಏನನ್ನೂ ಕೊಡುವುದಿಲ್ಲ. ನೇರ ಮಗುವನ್ನು (ಒಂದೇ ಹಂತ ಒಳಗಿರುವುದನ್ನು) ಮಾತ್ರ ಹಿಡಿಯಬೇಕಾದಾಗ ನಡುವೆ > ಚಿಹ್ನೆಯನ್ನು ಹಾಕಬೇಕು. ಒಂದು ಪಟ್ಟಿಯೊಳಗೆ ಇನ್ನೊಂದು ಪಟ್ಟಿ ಇರುವ ಪುಟಗಳಲ್ಲಿ ಇದು ಬಹಳ ಉಪಯುಕ್ತ. ಎರಡು ಗುಂಪುಗಳನ್ನು ಒಟ್ಟಿಗೆ ಬೇಕೆಂದರೆ ಅಲ್ಪವಿರಾಮ ಸಾಕು:

$('#ಇಂದಿನ-ದರ > .ಚೆರ್ರಿ, #ಇಂದಿನ-ದರ > .ಪಾರ್ಚಿ')

ಅಲ್ಪವಿರಾಮದ ನಂತರ ಐಡಿಯನ್ನು ಮತ್ತೆ ಬರೆದಿರುವುದನ್ನು ಗಮನಿಸಿರಿ. ಅಲ್ಪವಿರಾಮದ ಎರಡೂ ಬದಿಗಳು ಸ್ವತಂತ್ರವಾದ ಸೆಲೆಕ್ಟರ್‌ಗಳು. ಐಡಿ ಎಡಬದಿಗೆ ಮಾತ್ರ ಇದ್ದರೆ ಬಲಬದಿಯ ಹುಡುಕಾಟ ಇಡೀ ಪುಟದ ಮೇಲೆ ನಡೆಯುತ್ತದೆ.

ಜೆಕ್ವೆರಿಯ ಒಂದು ಗುಣ ಹೊಸಬರನ್ನು ಬಹಳ ಕಾಡುತ್ತದೆ. ಹುಡುಕಿದ್ದು ಸಿಗದಿದ್ದರೆ ಅದು ದೂರುವುದಿಲ್ಲ. ಖಾಲಿ ಸಂಗ್ರಹವೊಂದನ್ನು ಹಿಂತಿರುಗಿಸುತ್ತದೆ, ಆ ಖಾಲಿ ಸಂಗ್ರಹದ ಮೇಲೆ ನೀವು ಮಾಡಿದ ಬದಲಾವಣೆಯೂ ಸದ್ದಿಲ್ಲದೆ ಮುಗಿದುಹೋಗುತ್ತದೆ. ಆದ್ದರಿಂದ ಬದಲಾಯಿಸುವ ಕೋಡ್ ಬರೆಯುವ ಮುನ್ನ ಬ್ರೌಸರ್‌ನ ಕನ್ಸೋಲ್ ತೆರೆದು, ಸೆಲೆಕ್ಟರ್ ಅನ್ನು ಮಾತ್ರ ಅಲ್ಲಿ ಬರೆದು, ಅದರ ಲೆಂಗ್ತ್ (length, ಅಂದರೆ ಸಿಕ್ಕಿದವುಗಳ ಸಂಖ್ಯೆ) ಎಷ್ಟೆಂದು ನೋಡಿರಿ. ಒಂದು ಬರಬೇಕಾದಲ್ಲಿ ಐದು ಬಂದರೆ ಬಲೆ ದೊಡ್ಡದಾಗಿದೆ. ಸೊನ್ನೆ ಬಂದರೆ ಹೆಸರು ಅಥವಾ ಜಾಗ ತಪ್ಪಿದೆ. ಆ ಬೆಳಿಗ್ಗೆ ನಾನು ಈ ಅರ್ಧ ನಿಮಿಷದ ಕೆಲಸವನ್ನು ಮಾಡಿದ್ದರೆ ಮೆಣಸಿನ ದರ ಕೆಡುತ್ತಿರಲಿಲ್ಲ. ಐಡಿಯ ವಿಷಯದಲ್ಲಿ ಮಾತ್ರ ಈ ಎಣಿಕೆಯೂ ಮೋಸ ಮಾಡಬಲ್ಲದು: ಒಂದೇ ಐಡಿಯನ್ನು ತಪ್ಪಾಗಿ ಎರಡು ಕಡೆ ಕೊಟ್ಟಿದ್ದರೂ, ಐಡಿಯೊಂದನ್ನೇ ಕೊಟ್ಟು ಹುಡುಕಿದಾಗ ಜೆಕ್ವೆರಿ ಮೊದಲನೆಯದನ್ನಷ್ಟೇ ಕೊಡುತ್ತದೆ.

ಕನ್ನಡದ ಹೆಸರುಗಳನ್ನು ಬಳಸುವವರಿಗೆ ಇನ್ನೂ ಒಂದು ಎಚ್ಚರಿಕೆ ಅಗತ್ಯ. ಕಣ್ಣಿಗೆ ಒಂದೇ ರೀತಿ ಕಾಣುವ ಎರಡು ಪದಗಳು ಯೂನಿಕೋಡ್‌ನಲ್ಲಿ ಬೇರೆಯಾಗಿರಬಹುದು. ‘ಸ್ಟಾಕ್’ ಎಂಬಂತೆ ವ್ಯಂಜನದಲ್ಲಿ ಕೊನೆಗೊಳ್ಳುವ ಪದವನ್ನು ಟೈಪ್ ಮಾಡುವಾಗ ಕೆಲವು ಕೀಲಿಮಣೆಗಳು ಕೊನೆಗೆ ಅಗಲವಿಲ್ಲದ, ಕಾಣದ ಅಕ್ಷರವೊಂದನ್ನು ಸೇರಿಸುತ್ತವೆ. ‘ರೋ’ ಅಕ್ಷರದ ಓಕಾರವೂ ಅಷ್ಟೇ: ಅದು ಒಂದೇ ಚಿಹ್ನೆಯಾಗಿ ದಾಖಲಾಗಿರಬಹುದು, ಬಿಡಿ ಚಿಹ್ನೆಗಳ ಜೋಡಣೆಯಾಗಿಯೂ ದಾಖಲಾಗಿರಬಹುದು. ಪುಟದಲ್ಲಿ ಒಂದು ರೂಪ, ಸೆಲೆಕ್ಟರ್‌ನಲ್ಲಿ ಇನ್ನೊಂದು ರೂಪ ಇದ್ದರೆ ಹೊಂದಾಣಿಕೆ ಆಗುವುದಿಲ್ಲ. ಕ್ಲಾಸ್‌ನ ಹೆಸರನ್ನು ಎರಡನೆಯ ಬಾರಿ ಟೈಪ್ ಮಾಡದೆ ನಕಲು ಮಾಡಿ ಅಂಟಿಸಿದರೆ ಈ ತೊಂದರೆ ಇರುವುದಿಲ್ಲ. ನಾನು ‘ಪಾರ್ಚ್‌ಮೆಂಟ್’ ಎನ್ನುವ ಬದಲು ‘ಪಾರ್ಚಿ’ ಎಂಬ ಚಿಕ್ಕ ಹೆಸರನ್ನು ಇಟ್ಟಿರುವುದಕ್ಕೂ ಇದೇ ಕಾರಣ.

ಪಠ್ಯದ ಆಧಾರದಿಂದ ಹುಡುಕುವ ಕಂಟೇನ್ಸ್ ಎಂಬ ಸೌಲಭ್ಯವೂ ಉಂಟು, ಆದರೆ ಅದನ್ನು ದರಪಟ್ಟಿಗೆ ನಾನು ಬಳಸುವುದಿಲ್ಲ. ‘ರೋಬಸ್ಟಾ’ ಎಂದು ಹುಡುಕಿದರೆ ಎರಡೂ ರೋಬಸ್ಟಾ ಸಾಲುಗಳು ಸಿಗುವುದಲ್ಲದೆ, ಆ ಪಠ್ಯವನ್ನು ತಮ್ಮೊಳಗೆ ಇಟ್ಟುಕೊಂಡಿರುವ ಹೊರಗಿನ ಎಲಿಮೆಂಟ್‌ಗಳೂ ಬಲೆಗೆ ಬೀಳುತ್ತವೆ. ಎಷ್ಟನೆಯದು ಎಂದು ಎಣಿಸಿ ಹಿಡಿಯುವ ಈಕ್ಯೂ (eq) ಮೆಥಡ್‌ನ ಎಣಿಕೆ ಸೊನ್ನೆಯಿಂದ ಆರಂಭವಾಗುತ್ತದೆ, ಎನ್ತ್‌ಚೈಲ್ಡ್ (:nth-child) ಎಂಬ ಸೆಲೆಕ್ಟರ್‌ನ ಎಣಿಕೆ ಒಂದರಿಂದ; ನಾಳೆ ಪಟ್ಟಿಯ ಮೇಲ್ಭಾಗಕ್ಕೆ ಏಲಕ್ಕಿಯ ಸಾಲೊಂದು ಸೇರಿದರೆ ಎರಡೂ ತಪ್ಪುತ್ತವೆ. ಹೆಸರಿನಿಂದ ಹಿಡಿದದ್ದು ಸ್ಥಳ ಬದಲಾದರೂ ತಪ್ಪುವುದಿಲ್ಲ.

ಆಯ್ಕೆ ಸರಿಯಾದ ಮೇಲೆ ಬದಲಾವಣೆಗೆ ಬರೋಣ. ಪಠ್ಯವನ್ನು ಬದಲಿಸಲು ಟೆಕ್ಸ್ಟ್ ಮತ್ತು ಎಚ್‌ಟಿಎಂಎಲ್ ಎಂಬ ಎರಡು ಮೆಥಡ್‌ಗಳಿವೆ. ಟೆಕ್ಸ್ಟ್ ನೀವು ಕೊಟ್ಟದ್ದನ್ನು ಬರಿಯ ಅಕ್ಷರಗಳೆಂದೇ ಭಾವಿಸುತ್ತದೆ. ಎಚ್‌ಟಿಎಂಎಲ್ ಅದರೊಳಗಿನ ಟ್ಯಾಗ್‌ಗಳನ್ನೂ ಜೀವಂತಗೊಳಿಸುತ್ತದೆ. ಓದುಗರು ಬರೆದ ಹೆಸರನ್ನೋ ಬೇರೆಡೆಯಿಂದ ಬಂದ ಮಾಹಿತಿಯನ್ನೋ ಎರಡನೆಯದರ ಮೂಲಕ ಪುಟಕ್ಕೆ ಸೇರಿಸಿದರೆ, ಕೇಡು ಬಯಸುವವರ ಕೋಡ್ ನಿಮ್ಮ ಪುಟದಲ್ಲಿ ನಡೆಯುವುದಕ್ಕೆ ದಾರಿ ಮಾಡಿಕೊಟ್ಟಂತೆ. ದರ, ದಿನಾಂಕ, ಹೆಸರು ಇವೆಲ್ಲಕ್ಕೆ ಟೆಕ್ಸ್ಟ್ ಅನ್ನೇ ಬಳಸಿರಿ. ಓದುವಾಗಲೂ ಇವೆರಡರ ವರ್ತನೆ ಬೇರೆ: ಹಲವು ಎಲಿಮೆಂಟ್‌ಗಳು ಸಿಕ್ಕಿದ್ದರೆ ಟೆಕ್ಸ್ಟ್ ಎಲ್ಲದರ ಪಠ್ಯವನ್ನು ಒಂದಕ್ಕೊಂದು ಅಂಟಿಸಿ ಕೊಡುತ್ತದೆ, ಎಚ್‌ಟಿಎಂಎಲ್ ಮೊದಲನೆಯದನ್ನಷ್ಟೇ ಕೊಡುತ್ತದೆ.

ರೂಪವನ್ನು ಬದಲಿಸಬೇಕಾದಾಗ ಸಿಎಸ್‌ಎಸ್ ಮೆಥಡ್‌ನಿಂದ ಬಣ್ಣವನ್ನು ನೇರವಾಗಿ ಬರೆಯುವುದಕ್ಕಿಂತ, ‘ಏರಿಕೆ’, ‘ಇಳಿಕೆ’ ಎಂಬ ಕ್ಲಾಸ್‌ಗಳಿಗೆ ಶೈಲಿಯ ಕಡತದಲ್ಲಿ ಬಣ್ಣ ಕೊಟ್ಟು, ಆಡ್‌ಕ್ಲಾಸ್ ಮತ್ತು ರಿಮೂವ್‌ಕ್ಲಾಸ್ ಮೂಲಕ ಅವನ್ನು ಹಾಕಿ ತೆಗೆಯುವುದು ಮೇಲು. ಹೊಸದನ್ನು ಹಾಕುವ ಮುನ್ನ ನಿನ್ನೆಯದನ್ನು ತೆಗೆಯಲು ಮರೆಯಬಾರದು. ಟಿಕ್ ಹಾಕುವ ಚೌಕ ಅಥವಾ ನಿಷ್ಕ್ರಿಯಗೊಳಿಸಿದ ಗುಂಡಿಯ ಸ್ಥಿತಿಯನ್ನು ಬದಲಿಸಲು ಆಟ್ರ್ (attr) ಬೇಡ, ಪ್ರಾಪ್ (prop) ಬೇಕು. 2011ರಲ್ಲಿ ಬಂದ 1.6ನೆಯ ಆವೃತ್ತಿಯಿಂದ ಇವೆರಡು ಬೇರೆಬೇರೆ. ಆಟ್ರ್ ಪುಟದಲ್ಲಿ ಬರೆದಿರುವ ಆರಂಭದ ಮೌಲ್ಯದೊಡನೆ ವ್ಯವಹರಿಸುತ್ತದೆ, ಪ್ರಾಪ್ ಈ ಕ್ಷಣದ ನಿಜಸ್ಥಿತಿಯೊಡನೆ. ಡೇಟಾ ಮೆಥಡ್‌ನಿಂದ ಇಟ್ಟ ಹೊಸ ಮೌಲ್ಯ ಜೆಕ್ವೆರಿಯ ನೆನಪಿನಲ್ಲಿ ಮಾತ್ರ ಉಳಿಯುತ್ತದೆಯೇ ಹೊರತು ಪುಟದ ಆಟ್ರಿಬ್ಯೂಟ್‌ಗೆ ಹೋಗುವುದಿಲ್ಲ. ಆಟ್ರಿಬ್ಯೂಟ್ ಆಧಾರದ ಸೆಲೆಕ್ಟರ್‌ಗೆ ಅದು ಕಾಣಿಸದು.

ಇವೆಲ್ಲ ಒಟ್ಟಿಗೆ ಕೆಲಸ ಮಾಡುವ ಒಂದು ಉದಾಹರಣೆಯನ್ನು ನೋಡೋಣ. ಒಣಗಿಸಿದ 50 ಕೆ.ಜಿ. ಚೆರ್ರಿಯನ್ನು ಹಲ್ ಮಾಡಿದಾಗ (ಒಣ ಸಿಪ್ಪೆ ತೆಗೆದಾಗ) ಎಷ್ಟು ಕೆ.ಜಿ. ಬೀಜ ಬರುತ್ತದೆ ಎಂಬುದನ್ನು ಬೆಳೆಗಾರರು ಓಟಿ (ಔಟ್‌ಟರ್ನ್) ಎನ್ನುತ್ತಾರೆ. ಒಂದು ಓಟಿಗೆ 400 ರೂಪಾಯಿ ಎಂದಿಟ್ಟುಕೊಂಡರೆ, 27 ಓಟಿ ಬರುವ ಚೀಲಕ್ಕೆ 10,800 ರೂಪಾಯಿ. ಇದು ಲೆಕ್ಕದ ಉದಾಹರಣೆಯೇ ಹೊರತು ಮಾರುಕಟ್ಟೆಯ ದರವಲ್ಲ. ಚೆರ್ರಿಯ ಪ್ರತಿ ಸಾಲಿನಲ್ಲಿಯೂ ‘ಓಟಿ’ ಎಂಬ ಕ್ಲಾಸ್‌ನ ಪೆಟ್ಟಿಗೆಯೊಂದಿದ್ದು, ಬೆಳೆಗಾರರು ಅಂಕಿ ತುಂಬಿದ ಕೂಡಲೇ ಅದೇ ಸಾಲಿನ ‘ಬೆಲೆ’ ಬದಲಾಗಬೇಕು.

ಇದಕ್ಕೆ ಪಟ್ಟಿಯ ಐಡಿಯನ್ನು ಹಿಡಿದು, ಆನ್ ಎಂಬ ಮೆಥಡ್‌ಗೆ ಇನ್‌ಪುಟ್ ಎಂಬ ಘಟನೆಯ ಹೆಸರು, '.ಓಟಿ' ಎಂಬ ಸೆಲೆಕ್ಟರ್ ಮತ್ತು ಒಂದು ಫಂಕ್ಷನ್ ಎಂಬ ಮೂರನ್ನು ಇದೇ ಕ್ರಮದಲ್ಲಿ ಕೊಡಿರಿ. ಫಂಕ್ಷನ್‌ನೊಳಗೆ ದಿಸ್ ಎಂದರೆ ಬೆಳೆಗಾರರು ಮುಟ್ಟಿದ ಪೆಟ್ಟಿಗೆ. ಅದನ್ನು ಡಾಲರ್ ಆವರಣದಲ್ಲಿಟ್ಟು, ಕ್ಲೋಸೆಸ್ಟ್ ಮೆಥಡ್‌ಗೆ '.ಸಾಲು' ಎಂದು ಕೊಟ್ಟರೆ ಪೆಟ್ಟಿಗೆಯಿಂದ ಮೇಲಕ್ಕೆ ಹೋಗಿ ಅದರ ಸಾಲನ್ನು ಹಿಡಿಯುತ್ತದೆ. ಅಲ್ಲಿಂದ ಫೈಂಡ್ ಮೆಥಡ್‌ಗೆ '.ಬೆಲೆ' ಎಂದು ಕೊಟ್ಟರೆ ಆ ಸಾಲಿನೊಳಗೇ ಕೆಳಕ್ಕೆ ಇಳಿದು ಬೆಲೆಯ ಜಾಗವನ್ನು ತಲುಪುತ್ತದೆ. ಮೇಲಕ್ಕೆ ಹತ್ತಿ ಕೆಳಕ್ಕೆ ಇಳಿಯುವ ಈ ಜೋಡಿಯನ್ನು ಚೆನ್ನಾಗಿ ರೂಢಿಸಿಕೊಳ್ಳಿರಿ. ಪಕ್ಕದ ಸಾಲನ್ನು ಮುಟ್ಟದೆ ಕೆಲಸ ಮಾಡಲು ಇದಕ್ಕಿಂತ ಭದ್ರವಾದ ದಾರಿ ನನಗೆ ತಿಳಿದಿಲ್ಲ.

ಪೆಟ್ಟಿಗೆಯಿಂದ ವ್ಯಾಲ್ (val) ಮೆಥಡ್ ಕೊಡುವುದು ಅಕ್ಷರಗಳ ಸರಣಿಯನ್ನು, ಸಂಖ್ಯೆಯನ್ನಲ್ಲ. ‘10,800’ ಎಂಬಂಥ ಅಲ್ಪವಿರಾಮವಿರುವ ಸರಣಿಯನ್ನು ಪಾರ್ಸ್‌ಫ್ಲೋಟ್‌ಗೆ ಕೊಟ್ಟರೆ ಅದು ಅಲ್ಪವಿರಾಮದಲ್ಲಿ ನಿಂತು 10 ಎನ್ನುತ್ತದೆ. ನಂಬರ್‌ಗೆ ಕೊಟ್ಟರೆ ಸಂಖ್ಯೆಯೇ ಅಲ್ಲ ಎನ್ನುತ್ತದೆ. ಮೊದಲು ಅಲ್ಪವಿರಾಮಗಳನ್ನು ತೆಗೆದು, ಅನಂತರ ನಂಬರ್‌ಗೆ ಕೊಡಿರಿ. ಬಂದ ಸಂಖ್ಯೆಯನ್ನು ಒಂದು ಓಟಿಯ ದರದಿಂದ ಗುಣಿಸಿ, ಟೆಕ್ಸ್ಟ್ ಮೂಲಕ ಬೆಲೆಯ ಜಾಗದಲ್ಲಿ ಬರೆಯಿರಿ. ಕನ್ನಡ ಕೀಲಿಮಣೆಯಿಂದ ‘೨೭’ ಎಂದು ಬರೆಯುವ ಹಿರಿಯರೂ ಇದ್ದಾರೆ, ಅವರ ಅಂಕಿಗಳನ್ನು ಜಾವಾಸ್ಕ್ರಿಪ್ಟ್ ತಾನಾಗಿ ಗುರುತಿಸದು. ಯೂನಿಕೋಡ್‌ನಲ್ಲಿ ಕನ್ನಡದ ಸೊನ್ನೆಯ ಸಂಕೇತಸಂಖ್ಯೆ 3302, ಉಳಿದ ಅಂಕಿಗಳು ಅದರ ಮುಂದೆ ಅನುಕ್ರಮವಾಗಿ ನಿಂತಿವೆ. ಪ್ರತಿ ಅಂಕಿಯ ಸಂಕೇತಸಂಖ್ಯೆಯಿಂದ 3302 ಕಳೆದರೆ ಅದರ ಬೆಲೆ ದೊರೆಯುತ್ತದೆ. ಲೆಕ್ಕ ಸಂಖ್ಯೆಯಾಗಿ ಬಾರದಿದ್ದಲ್ಲಿ ಬೆಲೆಯ ಜಾಗವನ್ನು ಖಾಲಿ ಬಿಡಿರಿ, ತಪ್ಪು ದರವನ್ನು ತೋರಿಸುವುದು ಬೇಡ.

ಘಟನೆಯನ್ನು ಪೆಟ್ಟಿಗೆಗೇ ಕಟ್ಟದೆ ಪಟ್ಟಿಗೆ ಕಟ್ಟಿದ್ದಕ್ಕೆ ಕಾರಣವಿದೆ. ಆರಿಸುವ ಕ್ಷಣದಲ್ಲಿ ಪುಟದಲ್ಲಿ ಇದ್ದವುಗಳು ಮಾತ್ರ ಜೆಕ್ವೆರಿಯ ಸಂಗ್ರಹದಲ್ಲಿ ಇರುತ್ತವೆ. ಅನಂತರ ಸೇರಿಸಿದ ಸಾಲು ಹಳೆಯ ಸಂಗ್ರಹಕ್ಕೆ ತಾನಾಗಿ ಬಂದು ಸೇರುವುದಿಲ್ಲ. ಪಟ್ಟಿಗೆ ಕಟ್ಟಿದ ಘಟನೆಯಾದರೋ ಪ್ರತಿ ಬಾರಿಯೂ ಒಳಗಿನಿಂದ ಮೇಲೇರಿ ಬರುವ ಸುದ್ದಿಯನ್ನು ಕೇಳಿಸಿಕೊಳ್ಳುವುದರಿಂದ, ಮಧ್ಯಾಹ್ನ ಸೇರಿಸಿದ ಸಾಲಿನ ಪೆಟ್ಟಿಗೆಗೂ ಅದು ಸಲ್ಲುತ್ತದೆ. ಆದರೆ ಸಂಗ್ರಹವನ್ನು ವೇರಿಯಬಲ್‌ನಲ್ಲಿ ಉಳಿಸಿಕೊಂಡು ಬಳಸುತ್ತಿದ್ದರೆ, ಸಾಲುಗಳನ್ನು ಸೇರಿಸಿದ ಅಥವಾ ತೆಗೆದ ಮೇಲೆ ಅದೇ ಸೆಲೆಕ್ಟರ್‌ನಿಂದ ಮತ್ತೊಮ್ಮೆ ಆರಿಸಿ, ಅದರ ಲೆಂಗ್ತ್ ಅನ್ನು ಮತ್ತೊಮ್ಮೆ ನೋಡಿ, ಆಮೇಲೆ ದರವನ್ನು ಬರೆಯಿರಿ.