ನೆದರ್‌ಲ್ಯಾಂಡ್ಸ್‌ಗೆ ಹೊರಟಿದ್ದೀರಾ? ಸೈಕಲ್ ಕೆಲಸ ಶಿವಮೊಗ್ಗದಲ್ಲೇ ಕಲಿತು ಬನ್ನಿ

ರಜೆಗೆ ನಾನು ಶಿವಮೊಗ್ಗಕ್ಕೆ ಬಂದಾಗಲೆಲ್ಲ, ನೆದರ್‌ಲ್ಯಾಂಡ್ಸ್‌ಗೆ ಓದಲು ಹೊರಟ ಮಕ್ಕಳು ಅಪ್ಪ ಅಮ್ಮನ ಜೊತೆ ನಮ್ಮ ಮನೆಗೆ ಬರುತ್ತಾರೆ. ಸ್ವೆಟರ್, ಚಟ್ನಿಪುಡಿ, ಬ್ಯಾಂಕು ಎಲ್ಲ ವಿಚಾರಿಸುತ್ತಾರೆ. ಸೈಕಲ್ ಮಾತು ಮಾತ್ರ ಎತ್ತುವುದಿಲ್ಲ. ಅಲ್ಲಿ ಮೊದಲ ವಾರದಿಂದಲೇ ಬೇಕಾಗುವುದು ಅದು. ಕ್ಲಾಸಿಗೆ, ತರಕಾರಿಗೆ, ಸ್ಟೇಷನ್ನಿಗೆ ಎಲ್ಲರೂ ಸೈಕಲ್ಲಲ್ಲೇ ಹೋಗುತ್ತಾರೆ. ಆ ದೇಶದಲ್ಲಿ ಜನಕ್ಕಿಂತ ಸೈಕಲ್ಲೇ ಜಾಸ್ತಿ.

ಹೊಸದು ಬೇಡ. 100ರಿಂದ 200 ಯೂರೊ ಒಳಗೆ ಗಟ್ಟಿಯಾದ ಹಳೇ ಸೈಕಲ್ ಸಿಗುತ್ತದೆ. ಸೆಪ್ಟೆಂಬರ್‌ನಲ್ಲಿ ಕಾಲೇಜು ಶುರುವಾಗುವಾಗ ಎಲ್ಲರೂ ಒಟ್ಟಿಗೆ ಹುಡುಕುತ್ತಾರೆ. ಹಾಗಾಗಿ ಓದು ಮುಗಿಸಿ ಹೊರಡುತ್ತಿರುವ ನಮ್ಮ ಕನ್ನಡದ ಹುಡುಗರನ್ನು ಜೂನ್, ಜುಲೈನಲ್ಲೇ ಕೇಳಿಡಿ. ಚಕ್ರ ಎತ್ತಿ ತಿರುಗಿಸಿ, ಬೆಂಡ್ ಇದೆಯಾ ನೋಡಿ. ಪೆಡಲ್ ಅಲ್ಲಾಡಬಾರದು, ಟೈರ್ ಬಿರುಕು ಬಿಟ್ಟಿರಬಾರದು. ಬಣ್ಣ ಹೋಗಿದ್ದರೆ ಯೋಚನೆ ಬೇಡ, ಕಳ್ಳರ ಕಣ್ಣು ಕಡಿಮೆ ಬೀಳುತ್ತದೆ.

ರಸ್ತೆಯಲ್ಲಿ ಯಾರಾದರೂ ಇಪ್ಪತ್ತು ಯೂರೊಗೆ ಕೊಡುತ್ತೇನೆ ಅಂದರೆ ನಿಲ್ಲಲೇಬೇಡಿ. ಅದು ಕದ್ದ ಮಾಲು. ಗೊತ್ತಿದ್ದೂ ಕೊಂಡರೆ ನೀವೂ ಅಪರಾಧಿ. ಸೈಕಲ್ ಮೇಲೆ ಕೆತ್ತಿರುವ ಫ್ರೇಮ್ ನಂಬರನ್ನು ಪೊಲೀಸರ ವೆಬ್‌ಸೈಟಿನಲ್ಲಿ ಹಾಕಿ, ಕದ್ದದ್ದಾ ಅಂತ ನೋಡಬಹುದು. ಸೈಕಲ್ಲಿಗೆ ಉಳಿಸಿದ ದುಡ್ಡನ್ನು ಬೀಗಕ್ಕೆ ಹಾಕಿ. ಹಿಂದಿನ ಚಕ್ರದ ಬೀಗ ಒಂದೇ ಸಾಲದು. ದಪ್ಪ ಚೈನ್ ಬೀಗ ತಂದು ಕಂಬಕ್ಕೂ ಸೇರಿಸಿ ಕಟ್ಟಿ.

ಬ್ರೇಕಿನ ವಿಷಯ ಸ್ವಲ್ಪ ನಿಧಾನಕ್ಕೆ ಓದಿ. ಅಲ್ಲಿಯ ಎಷ್ಟೋ ಹಳೇ ಸೈಕಲ್ಲುಗಳಲ್ಲಿ ಹ್ಯಾಂಡಲ್ ಮೇಲೆ ಬ್ರೇಕೇ ಇರುವುದಿಲ್ಲ. ಪೆಡಲ್ ಹಿಂದಕ್ಕೆ ತುಳಿದರೆ ಬ್ರೇಕ್ ಬೀಳುತ್ತದೆ. ನಮ್ಮ ಸೈಕಲ್ಲಲ್ಲಿ ಪೆಡಲ್ ಹಿಂದಕ್ಕೆ ಸುಮ್ನೆ ತಿರುಗುತ್ತದೆ ಅಲ್ವಾ? ಆ ಅಭ್ಯಾಸಕ್ಕೆ ಅಲ್ಲಿ ಸೈಕಲ್ ದಿಢೀರನೆ ನಿಂತುಬಿಡುತ್ತದೆ. ಇನ್ನೊಂದು, ಚೈನ್ ಕಳಚಿದರೆ ಬ್ರೇಕೂ ಹೋಯಿತು. ಅದಕ್ಕೇ ಮುಂದಿನ ಚಕ್ರಕ್ಕೆ ಕೈಬ್ರೇಕ್ ಇರುವುದನ್ನೇ ತೆಗೆದುಕೊಳ್ಳಿ, ಚೈನ್ ಸಡಿಲ ಬಿಡಬೇಡಿ. ಖಾಲಿ ಜಾಗದಲ್ಲಿ ಓಡಿಸಿ ಕಾಲಿಗೆ ರೂಢಿ ಮಾಡಿಕೊಂಡೇ ರಸ್ತೆಗಿಳಿಯಿರಿ. ರಸ್ತೆಯ ಬಲಗಡೆ ಹೋಗಬೇಕು, ತಿರುಗುವಾಗ ಕೈ ತೋರಿಸಬೇಕು. ನೆಲದ ಮೇಲೆ ಬಿಳಿ ತ್ರಿಕೋನಗಳ ಚೂಪು ನಿಮ್ಮ ಕಡೆ ಇದ್ದರೆ, ನೀವೇ ದಾರಿ ಬಿಡಬೇಕು. ಕತ್ತಲಲ್ಲಿ ಮುಂದೆ ಬಿಳಿ, ಹಿಂದೆ ಕೆಂಪು ಲೈಟ್ ಇಲ್ಲದಿದ್ದರೆ ದಂಡ. 2019ರ ಜುಲೈಯಿಂದ ಸೈಕಲ್ ಓಡಿಸುತ್ತಾ ಫೋನ್ ಕೈಯಲ್ಲಿ ಹಿಡಿದರೂ ದಂಡವೇ.

ಈಗ ರಿಪೇರಿ. ಅಲ್ಲಿ ಕೂಲಿ ದುಬಾರಿ. ಅಂಗಡಿಯಲ್ಲಿ ಒಂದು ಪಂಕ್ಚರ್ ಹಾಕಿಸುವ ದುಡ್ಡಿಗೆ ಪಂಕ್ಚರ್ ಕಿಟ್ ಹಲವು ಬರುತ್ತವೆ. ಹೊರಡುವ ಮೊದಲು ವಿನೋಬನಗರವೋ ಗೋಪಾಳವೋ, ನಿಮ್ಮ ಬೀದಿಯ ಸೈಕಲ್ ಶಾಪಿನಲ್ಲಿ ಒಂದೆರಡು ಸಂಜೆ ಕೂತು ಬನ್ನಿ. ಅಣ್ಣಾ, ಸ್ವಲ್ಪ ಕಲಿಸಿ ಅಂದರೆ ಬೇಡ ಅನ್ನುವವರು ಕಡಿಮೆ. ಅವರು ಹಿಂದಿನ ಚಕ್ರ ಬಿಚ್ಚದೆ, ಟೈರನ್ನು ಒಂದು ಕಡೆ ಎಬ್ಬಿಸಿ ಟ್ಯೂಬ್ ಎಳೆದು ಪ್ಯಾಚ್ ಹಾಕುತ್ತಾರಲ್ಲ, ಡಚ್ ಸೈಕಲ್ಲಿಗೂ ಅದೇ ಕ್ರಮ. ಚೈನ್ ಕವರ್, ಗೇರ್ ವೈರ್ ಬಿಚ್ಚುವ ತಲೆನೋವು ಇರುವುದಿಲ್ಲ. ನಮ್ಮ ಹಳೇ ಸೈಕಲ್ಲಿನ ವಾಲ್ವೇ ಅಲ್ಲಿಯೂ ಇದೆ. ಸರ್ಕಾರ ಎಂಟನೇ ಕ್ಲಾಸಿಗೆ ಕೊಟ್ಟ ಸೈಕಲ್ ಮನೆಯಲ್ಲಿದ್ದರೆ ಅದರ ಮೇಲೇ ಕೈ ಪಳಗಿಸಿ. ಪ್ಯಾಚ್ ಹಾಕುವುದು, ಚೈನ್ ಬಿಗಿ ಮಾಡುವುದು, ಬ್ರೇಕ್ ರಬ್ಬರ್ ಬದಲಿಸುವುದು, ಇಷ್ಟು ಬಂದರೆ ವರ್ಷಪೂರ್ತಿ ನಿಶ್ಚಿಂತೆ. ಗಾಳಿ ಎಷ್ಟು ಅಂತ ಟೈರಿನ ಬದಿಯಲ್ಲೇ ಬರೆದಿರುತ್ತದೆ.

ಮಳೆಗೆ ಮಲೆನಾಡಿನವರು ಹೆದರುವುದಿಲ್ಲ, ಸರಿ. ಆದರೆ ಅಲ್ಲಿ ಮಳೆ ಜೊತೆ ಗಾಳಿ ಬರುತ್ತದೆ, ಕೊಡೆ ನಿಲ್ಲುವುದಿಲ್ಲ. ಘಾಟಿ ಇಲ್ಲದ ಊರು ಅಂದುಕೊಂಡು ಹೋದವರಿಗೆ ಎದುರುಗಾಳಿಯೇ ಘಾಟಿ. ಬೇಗ ಹೊರಡಿ. ಪ್ಯಾಂಟೂ ಇರುವ ರೇನ್‌ಕೋಟನ್ನು ಮನೆಯಿಂದಲೇ ತನ್ನಿ. ಚಳಿಗಾಲದಲ್ಲಿ ಹಿಮ ಕರಗಲೆಂದು ರಸ್ತೆಗೆ ಉಪ್ಪು ಹಾಕುತ್ತಾರೆ. ಆಗ ಚೈನ್ ಒರೆಸಿ ಎಣ್ಣೆ ಬಿಡುವುದನ್ನು ತಪ್ಪಿಸಬೇಡಿ, ಬೇಗ ತುಕ್ಕು ಹಿಡಿಯುತ್ತದೆ.