ಒಂದು ಯೂರೋ ಎಷ್ಟಕ್ಕೆ ಬಿತ್ತು?

ಮಗಳ ಬಾಣಂತನಕ್ಕೆಂದು ಮ್ಯೂನಿಕ್‌ಗೆ ಹೋದ ಮೊದಲ ವಾರವೇ ಕೂಸಿನ ತಳ್ಳುಗಾಡಿ ತರಲು ಅಂಗಡಿಗೆ ಹೋಗಿದ್ದೆ. ಬೆಲೆ 200 ಯೂರೋ. ಕಾರ್ಡ್ ಇಟ್ಟ ಕೂಡಲೇ ಯಂತ್ರದ ಪರದೆಯಲ್ಲಿ ಎರಡು ಸಾಲು ಬಂತು: ಮೇಲೆ ಯೂರೋ, ಕೆಳಗೆ ರೂಪಾಯಿ. ಪರಊರಲ್ಲಿ ನಮ್ಮ ರೂಪಾಯಿ ಕಂಡಿತಲ್ಲ ಎಂದು ಅದನ್ನೇ ಒತ್ತಿದೆ. ಮನೆಗೆ ಬಂದು ಚೀಟಿ ಬಿಡಿಸಿದರೆ, ಯುರೋಪಿನ ಕೇಂದ್ರ ಬ್ಯಾಂಕಿನ ದರದ ಮೇಲೆ ಶೇ. 5 ಸೇರಿಸಿದ್ದೇವೆ ಅಂತ ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು. ಶಿವಮೊಗ್ಗದಲ್ಲಿ ಮೂವತ್ತು ವರ್ಷ ಸಹಕಾರ ಸಂಘದ ಲೆಕ್ಕ ಬರೆದವಳು ನಾನು. ಅವತ್ತೇ ಒಂದು ನೋಟ್‌ಬುಕ್ ಶುರು ಮಾಡಿದೆ.

ಅದರಲ್ಲಿ ನಾನು ಕೇಳಿಕೊಂಡಿದ್ದು ಒಂದೇ ಪ್ರಶ್ನೆ: ಒಂದು ಯೂರೋ ನನಗೆ ಎಷ್ಟಕ್ಕೆ ಬಿತ್ತು? ಖಾತೆಯಿಂದ ಹೋದ ಒಟ್ಟು ರೂಪಾಯಿಯನ್ನು ಖರ್ಚಾದ ಯೂರೋದಿಂದ ಭಾಗಿಸಿ, ಅಷ್ಟೇ. ದರ ಬೇರೆ, ಶುಲ್ಕ ಬೇರೆ ಅಂತ ನೋಡುತ್ತ ಕೂತರೆ ಯಾವ ಕಾರ್ಡೂ ಅಗ್ಗವಾಗಿಯೇ ಕಾಣುತ್ತದೆ.

ಲೆಕ್ಕ ಸುಲಭವಾಗಲಿ, ಯೂರೋಗೆ 100 ರೂಪಾಯಿ ಅಂತ ಇಟ್ಟುಕೊಳ್ಳೋಣ. ನಮ್ಮಲ್ಲಿನ ಬಹಳಷ್ಟು ಕ್ರೆಡಿಟ್ ಕಾರ್ಡ್‌ಗಳಲ್ಲಿ ವಿದೇಶಿ ಕರೆನ್ಸಿಯ ಮಾರ್ಕಪ್, ಅಂದರೆ ದರದ ಮೇಲೆ ಬ್ಯಾಂಕ್ ಸೇರಿಸುವ ಶುಲ್ಕ, ಶೇ. 3.5. ಅದರ ಮೇಲೆ ಶೇ. 18 ಜಿಎಸ್‌ಟಿ. ಅಂದರೆ 20,000ದ ತಳ್ಳುಗಾಡಿಗೆ 700, ಮತ್ತೆ 126, ಒಟ್ಟು 826. ಯೂರೋ 104.13ಕ್ಕೆ ಬಿತ್ತು. ನಾನು ರೂಪಾಯಿ ಒತ್ತಿದ್ದರಿಂದ ಅಂಗಡಿಯಲ್ಲೇ 105 ಆಯಿತು. ಹಾಗೆ ರೂಪಾಯಿಯಲ್ಲೇ ಕೊಟ್ಟಾಗಲೂ ಕೆಲವು ಬ್ಯಾಂಕ್‌ಗಳು ಮತ್ತೊಂದು ಶೇ. 1 ಮತ್ತು ಅದರ ಜಿಎಸ್‌ಟಿ ಹಾಕುತ್ತವೆ. ಆಗ 106 ದಾಟುತ್ತದೆ. ಆದ್ದರಿಂದ ಯಂತ್ರ ಕೇಳಿದಾಗ ಯಾವಾಗಲೂ ಆ ಊರಿನ ದುಡ್ಡನ್ನೇ ಒತ್ತಿ. ಎಟಿಎಂನಲ್ಲೂ ಇದೇ ಪ್ರಶ್ನೆ ಬರುತ್ತದೆ. ಪರದೆ ಜರ್ಮನ್‌ನಲ್ಲಿದ್ದರೆ ‘ಓನೆ’ ಅಂದರೆ ಇಲ್ಲದೆ, ‘ಮಿಟ್’ ಅಂದರೆ ಜೊತೆಗೆ. ನಿಮಗೆ ಬೇಕಾದದ್ದು ‘ಓನೆ’, ಪರಿವರ್ತನೆ ಇಲ್ಲದ್ದು. ಕ್ರೆಡಿಟ್ ಕಾರ್ಡ್‌ನಲ್ಲಿ ಮಾತ್ರ ನಗದು ತೆಗೆಯಲೇಬೇಡಿ, ಶುಲ್ಕದ ಜೊತೆ ಅದೇ ದಿನದಿಂದ ಬಡ್ಡಿ ಓಡುತ್ತದೆ.

ಮಾರ್ಕಪ್ ಇಲ್ಲದ ಕಾರ್ಡ್‌ಗಳೂ ಇವೆ. ವಾರ್ಷಿಕ ಶುಲ್ಕ ಇದೆ ಎಂದು ಹೆದರಬೇಡಿ, ಲೆಕ್ಕ ಹಾಕಿ. ಶುಲ್ಕ 500 ಇದ್ದರೆ ಜಿಎಸ್‌ಟಿ ಸೇರಿ 590. ಶೇ. 4.13 ಉಳಿಯುವುದಾದರೆ ಸುಮಾರು 14,300 ರೂಪಾಯಿ ಖರ್ಚಿಗೇ ಅದು ತೀರಿಹೋಗುತ್ತದೆ. ಮೂರು ತಿಂಗಳ ಬಾಣಂತನಕ್ಕೆ ಹೋಗುವವರಿಗೆ ಇದು ಏನೂ ಅಲ್ಲ.

ಫಾರೆಕ್ಸ್ ಕಾರ್ಡ್ ಅಂದರೆ ಮೊದಲೇ ವಿದೇಶಿ ದುಡ್ಡು ತುಂಬಿಸಿಕೊಂಡು ಹೋಗುವ ಕಾರ್ಡ್. ಅದರಲ್ಲಿ ಮೋಸಹೋಗುವುದು ದುಡ್ಡು ತುಂಬಿಸುವಾಗ. ಒಬ್ಬರು ದರ 101.50 ಅನ್ನುತ್ತಾರೆ, ಕಾರ್ಡ್‌ಗೆ 300 ಮತ್ತು ಜಿಎಸ್‌ಟಿ ಕೇಳುತ್ತಾರೆ ಅನ್ನಿ. ಇನ್ನೊಬ್ಬರು ದರ 102, ಕಾರ್ಡ್ ಪುಕ್ಕಟೆ ಅನ್ನುತ್ತಾರೆ. ಕರೆನ್ಸಿ ಕೊಂಡಿದ್ದಕ್ಕೂ ಬೇರೆ ಜಿಎಸ್‌ಟಿ ಇದೆ, ಕನಿಷ್ಠ 45 ರೂಪಾಯಿ, ಒಂದು ಲಕ್ಷಕ್ಕೆ 180. ಎಲ್ಲ ಕಳೆದರೆ, 20,000 ಕೊಟ್ಟಾಗ ಮೊದಲನೆಯವರಲ್ಲಿ ಸುಮಾರು 193 ಯೂರೋ, ಎರಡನೆಯವರಲ್ಲಿ 196. ಅದೇ ಒಂದು ಲಕ್ಷ ಕೊಟ್ಟರೆ ಮೊದಲನೆಯವರೇ ಒಂದು ಯೂರೋ ಹೆಚ್ಚು ಕೊಡುತ್ತಾರೆ! ಹಾಗಾಗಿ ಕೌಂಟರ್‌ನಲ್ಲಿ ದರ ಕೇಳಬೇಡಿ. ‘ಇಷ್ಟು ರೂಪಾಯಿ ಕೊಟ್ಟರೆ ಎಲ್ಲ ಕಳೆದು ಕಾರ್ಡ್‌ನಲ್ಲಿ ಎಷ್ಟು ಯೂರೋ ಕೂರುತ್ತೆ?’ ಅಂತ ಕೇಳಿ, ಬರೆಸಿಕೊಳ್ಳಿ. ಯೂರೋ ತುಂಬಿಸಿದ ಕಾರ್ಡ್ ಯೂರೋ ನಡೆಯುವ ಕಡೆಗಷ್ಟೇ. ಒಂದು ದಿನ ಸ್ವಿಟ್ಜರ್‌ಲೆಂಡಿನ ಜ್ಯೂರಿಕ್‌ಗೆ ಹೋದಾಗ ಅಲ್ಲಿಯದು ಫ್ರಾಂಕ್. ಅದೇ ಕಾರ್ಡ್ ಉಜ್ಜಿದ್ದಕ್ಕೆ ಕರೆನ್ಸಿ ಬದಲಾವಣೆಯ ಶುಲ್ಕ ಕಟ್ಟಿದೆ.

ಹೊರಡುವ ಮೊದಲು ವೀಸಾ, ಮಾಸ್ಟರ್‌ಕಾರ್ಡ್ ತಾಣಗಳ ದರದ ಲೆಕ್ಕಯಂತ್ರ ನೋಡಿ. ದಿನಾಂಕ, ಕರೆನ್ಸಿ, ಬ್ಯಾಂಕಿನ ಶುಲ್ಕದ ಶೇಕಡಾ ಹಾಕಿದರೆ ರೂಪಾಯಿ ಬರುತ್ತದೆ. ಜಿಎಸ್‌ಟಿ ಸೇರಲಿ ಎಂದು ನಾನು 3.5ರ ಬದಲು 4.13 ಹಾಕುತ್ತೇನೆ. ಇನ್ನೊಂದು ಮಾತು: 2020ರ ರಿಸರ್ವ್ ಬ್ಯಾಂಕ್ ನಿಯಮದಿಂದಾಗಿ ಹೊಸ ಕಾರ್ಡ್ ಭಾರತದೊಳಗೆ ಮಾತ್ರ ನಡೆಯುವಂತೆ ಬರುತ್ತದೆ. ವಿದೇಶಿ ಬಳಕೆಯನ್ನು ಆ್ಯಪ್‌ನಲ್ಲಿ ನೀವೇ ತೆರೆಯಬೇಕು.

ಸ್ಟೇಟ್‌ಮೆಂಟ್ ಬಂದಾಗ ಒಂದು ಸಾಲು ನೋಡಿ ಸುಮ್ಮನಾಗಬೇಡಿ. ನನ್ನದರಲ್ಲಿ ಸಾಮಾನಿನ ದುಡ್ಡು ಒಂದು ತಾರೀಕಿಗಿತ್ತು, ಮಾರ್ಕಪ್ ಮೂರು ದಿನ ಬಿಟ್ಟು ಬೇರೆ ಸಾಲಿನಲ್ಲಿ, ಜಿಎಸ್‌ಟಿ ಅದರ ಕೆಳಗೆ. ಮೂರನ್ನೂ ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಕೂಡಿ, ಆಮೇಲೆ ಭಾಗಿಸಿ. ಸಾಮಾನು ವಾಪಸ್ ಕೊಟ್ಟರೆ ದುಡ್ಡು ಬರುವುದು ಆ ದಿನದ ದರಕ್ಕೆ. ಚೀಟಿಯನ್ನು ಅಲ್ಲಿಯವರೆಗೂ ಎತ್ತಿಡಿ.