ಬ್ರಿಸಲ್ ಹುಳಕ್ಕೆ ಉಪವಾಸ ಮೊದಲು, ಟ್ರ್ಯಾಪ್ ಆಮೇಲೆ

ನನ್ನದು ನಾಲ್ಕಡಿಯ ರೀಫ್ ಟ್ಯಾಂಕು, ಅಂದರೆ ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂ; ಸಂಪ್ (ಜೊತೆಗಿರುವ ಫಿಲ್ಟರ್ ತೊಟ್ಟಿ) ಸೇರಿ ಸುಮಾರು 350 ಲೀಟರ್ ನೀರು. ಒಳಗೆ ಝೋವಾ, ಲೆದರ್, ಮಶ್ರೂಮ್, ಒಂದಿಷ್ಟು ಝೀನಿಯಾ, ಎಲ್ಲ ಹವಳದ ಬಗೆಗಳೇ. ಇದರಲ್ಲಿ ಬ್ರಿಸಲ್ ಹುಳವನ್ನು (ಮೈಯ ಪಕ್ಕಗಳಲ್ಲಿ ಚುಚ್ಚುವ ಕೂದಲಿರುವ ಸಮುದ್ರದ ಹುಳ) ಬರೀ ಟ್ರ್ಯಾಪಿನಿಂದ ಹತೋಟಿಗೆ ತರಬಹುದು ಎಂದಾಗ ಬೆಂಗಳೂರಿನ ರೀಫ್ ಗೆಳೆಯರು ಯಾರೂ ನಂಬಲಿಲ್ಲ. ‘ಟ್ರ್ಯಾಪಿಗೆ ಹತ್ತು ಬೀಳೋ ಹೊತ್ತಿಗೆ ಕಲ್ಲೊಳಗೆ ನೂರು ಆಗಿರುತ್ತೆ, ಒಂದು ವ್ರಾಸ್ ತಂದು ಬಿಡಿ’ ಎಂಬುದೇ ಎಲ್ಲರ ಸಲಹೆ; ವ್ರಾಸ್ ಎಂದರೆ ಇಂಥ ಹುಳ ತಿನ್ನುವ ಮೀನು. ಹೊಟ್ಟೆ ತುಂಬಿದ ಹುಳಕ್ಕೆ ಟ್ರ್ಯಾಪ್ ಇಟ್ಟರೆ ಅವರು ಹೇಳಿದ್ದೇ ನಿಜ. ಹಸಿದ ಹುಳಕ್ಕೆ ಇಟ್ಟರೆ ಲೆಕ್ಕವೇ ಬೇರೆ. ಈಗ ಲೈಟ್ ಆರಿ ಎರಡು ಗಂಟೆ ಕಳೆದ ಮೇಲೆ ಕೆಂಪು ಟಾರ್ಚ್ ಬಿಟ್ಟರೆ ಇಡೀ ಮುಂಭಾಗದಲ್ಲಿ ನಾಲ್ಕೈದು ಕಂಡರೆ ಹೆಚ್ಚು. ಮೊದಲು ಒಂದೇ ಕಲ್ಲಿನ ಬುಡದಲ್ಲಿ ಅದರ ಮೂರು ಪಟ್ಟು ಇರುತ್ತಿದ್ದವು.

ಇಲ್ಲಿ ಹೇಳುತ್ತಿರುವುದು ಗುಲಾಬಿ-ಕಂದು ಮೈಯ, ಎರಡೂ ಪಕ್ಕ ಬಿಳಿ ಕೂದಲಿನ ಗೊಂಚಲಿರುವ ಯೂರಿಥೋ ಎಂಬ ಬ್ರಿಸಲ್ ಹುಳದ ಬಗ್ಗೆ. ಅದು ಕೊಳೆತದ್ದನ್ನು ತಿನ್ನುವ ಹುಳ. ಸಾಯುತ್ತಿರುವ ಹವಳದ ಮೇಲೆ ಕಂಡರೆ ಊಟಕ್ಕೆ ಬಂದಿದೆ ಎಂದರ್ಥ, ಕೊಂದದ್ದು ಅದೇ ಎಂದಲ್ಲ. ತಲೆಯಲ್ಲಿ ಐದು ಮೀಸೆ, ಮೈಗೆ ಕಾಮನಬಿಲ್ಲಿನ ಹೊಳಪು, ಪಕ್ಕದಲ್ಲಿ ಬಿಳಿ ಗೊಂಚಲಿಲ್ಲ ಎಂದಾದರೆ ಅದು ಯೂನಿಸ್ ಜಾತಿ. ಅದಕ್ಕೆ ಟ್ರ್ಯಾಪ್ ಕಾಯುತ್ತಾ ಕೂರಬೇಡಿ, ಕಲ್ಲು ಸಮೇತ ಹೊರಗೆ ತೆಗೆಯಿರಿ.

ಟ್ರ್ಯಾಪಿಗೆ ಮೊದಲು ಹುಳ ತಿನ್ನುವ ಜೀವಿಗಳನ್ನೂ ತಂದು ನೋಡಿದ್ದೆ; ಆ ದುಡ್ಡು ಎಲ್ಲಿ ಹೋಯಿತು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಸಿಕ್ಸ್‌ಲೈನ್ ವ್ರಾಸ್ ಎರಡೂವರೆ ಸಾವಿರದ ಆಸುಪಾಸು. ಅದು ಒಂದಂಗುಲದೊಳಗಿನ ಮರಿ ಹುಳಗಳನ್ನು ಚೆನ್ನಾಗಿ ಹೆಕ್ಕುತ್ತದೆ. ಆದರೆ ಕತ್ತಲಾದರೆ ನಿದ್ದೆಗೆ ಹೋಗುವ ಮೀನು ಅದು, ದೊಡ್ಡ ಹುಳ ಹೊರಬರುವುದೇ ಆಗ. ಜೊತೆಗೆ ಆಮೇಲೆ ಬಂದ ಸಣ್ಣ ಮೀನುಗಳನ್ನೆಲ್ಲ ಅಟ್ಟಾಡಿಸುತ್ತದೆ. ಕೋರಲ್ ಬ್ಯಾಂಡೆಡ್ ಸೀಗಡಿ ಸಾವಿರದ ಚಿಲ್ಲರೆ: ಹುಳ ಹಿಡಿಯುತ್ತದೆ, ಹಾಗೆಯೇ ಕ್ಲೀನರ್ ಸೀಗಡಿಯ ಮೇಲೂ ಬೀಳುತ್ತದೆ. ಆ್ಯರೋ ಕ್ರ್ಯಾಬ್ ಎರಡು ಸಾವಿರದ ಮೇಲೆ. ಮೂರರಲ್ಲಿ ಹುಳ ತಿನ್ನುವುದರಲ್ಲಿ ಅದೇ ಮೇಲು, ಆದರೆ ಫೆದರ್ ಡಸ್ಟರುಗಳನ್ನೂ (ಗರಿಯಂಥ ತಲೆಯ, ನಾವು ಬೇಕೆಂದೇ ಸಾಕುವ ಕೊಳವೆ ಹುಳ) ಕಿತ್ತು ತಿಂದಿತು. ಮೂರಕ್ಕೂ ಸೇರಿ ಆರು ಸಾವಿರ ಹೋಯಿತು, ಹುಳದ ಸಂಖ್ಯೆ ಹೆಚ್ಚುಕಡಿಮೆ ಅಷ್ಟೇ ಉಳಿಯಿತು. ಟ್ಯಾಂಕಿಗೆ ಊಟ ಬೀಳುತ್ತಿರುವವರೆಗೆ ಇವು ತಿಂದಷ್ಟೂ ಹುಳ ಹುಟ್ಟುತ್ತವೆ.

ಈಗ ಕೆಲಸದ ವಿಷಯ. ಮೊದಲ ಎರಡು ವಾರ ಟ್ರ್ಯಾಪಿನ ಮಾತೇ ಬೇಡ. ಮೀನಿಗೆ ದಿನಕ್ಕೆರಡು ಮೈಸಿಸ್ ಕ್ಯೂಬ್ (ಹೆಪ್ಪುಗಟ್ಟಿಸಿದ ಸಣ್ಣ ಸೀಗಡಿಯಂಥ ಆಹಾರ) ಹಾಕುತ್ತಿದ್ದರೆ ಅರ್ಧಕ್ಕೆ ಇಳಿಸಿ, ಅದನ್ನೂ ಆರ್‌ಓ ನೀರಲ್ಲಿ ತೊಳೆದು, ಮೀನಿನ ಬಾಯಿಗೇ ಹೋಗುವಂತೆ ಸ್ವಲ್ಪ ಸ್ವಲ್ಪ ಬಿಡಬೇಕು. ಹವಳಕ್ಕೆ ಹಾಕುವ ಪುಡಿ ಆಹಾರ ಪೂರ್ತಿ ಬಂದ್. ವಾರದ ನೀರು ಬದಲಾವಣೆಯಲ್ಲಿ 12 ಎಂಎಂ ಪೈಪಿನಿಂದ ಮರಳಿನ ಕಾಲು ಭಾಗದ ಕೊಳಕನ್ನು ಮಾತ್ರ ಎಳೆಯಬೇಕು, ಮುಂದಿನ ವಾರ ಪಕ್ಕದ ಕಾಲು ಭಾಗ. ಹಳೆಯ ಮರಳನ್ನು ಒಂದೇ ದಿನ ಕೆದಕಿದರೆ ಕೆಳಗೆ ಕೂತ ಕೊಳಕೆಲ್ಲ ನೀರಿಗೆ ಬಂದು ಅಮೋನಿಯಾ ಏರುತ್ತದೆ. ಕಲ್ಲಿನ ಹಿಂದೆ ನೀರು ಓಡದ ಮೂಲೆ ಇದ್ದೇ ಇರುತ್ತದೆ, ಹುಳದ ಊರು ಅದು. ಅಲ್ಲಿಗೆ ಸಣ್ಣ ವೇವ್ ಮೇಕರ್ (ನೀರು ಓಡಿಸುವ ಪಂಪು) ಒಂದನ್ನು ತಿರುಗಿಸಿಟ್ಟರೆ ಕಸ ಕೂರದೆ, ನೊರೆ ಎಬ್ಬಿಸಿ ಕೊಳಕು ತೆಗೆಯುವ ಸ್ಕಿಮ್ಮರಿನ ದಾರಿ ಹಿಡಿಯುತ್ತದೆ. ಕೊಳಕಿನಿಂದ ನೀರಿಗೆ ಸೇರುವ ನೈಟ್ರೇಟ್ 40 ಪಿಪಿಎಂ ಹತ್ತಿರ ಇದ್ದದ್ದು ಒಂದೆರಡು ತಿಂಗಳಲ್ಲಿ ಹತ್ತು-ಹದಿನೈದಕ್ಕೆ ಬಂತು.

ಎರಡು ವಾರದ ಹೊತ್ತಿಗೆ ಹುಳಗಳು ಲೈಟ್ ಇರುವಾಗಲೇ ತಲೆ ಹೊರಹಾಕುತ್ತವೆ. ಟ್ರ್ಯಾಪಿಗೆ ಅದೇ ಸಮಯ.

ಅರ್ಧ ಇಂಚಿನ ಪಿವಿಸಿ ಪೈಪು, ಆರಿಂಚು ಉದ್ದ, ಎರಡು ಎಂಡ್ ಕ್ಯಾಪ್. ಅಂಟು ಬೇಡ, ಒತ್ತಿ ಕೂರಿಸಿದರೆ ಸಾಕು. ಪ್ರತಿ ಕ್ಯಾಪಿನ ಮಧ್ಯೆ ತೂತು ಕೊರೆದು ಸಪೂರ ಪ್ಲಾಸ್ಟಿಕ್ ಸ್ಟ್ರಾ ತುಂಡನ್ನು ಎರಡಂಗುಲ ಒಳಕ್ಕೆ ಚಾಚಿಕೊಂಡಿರುವಂತೆ ಬಿಗಿಯಾಗಿ ತೂರಿಸಬೇಕು. ಒಳಹೋದ ಹುಳ ಪೈಪಿನ ಗೋಡೆ ಹಿಡಿದು ಸುತ್ತುತ್ತದೆ, ನಡುವೆ ತೂಗುವ ಸ್ಟ್ರಾ ಬಾಯಿ ಅದಕ್ಕೆ ಸಿಗುವುದಿಲ್ಲ. ಸ್ಟ್ರಾದ ಒಳ ಅಳತೆ 4 ಎಂಎಂ ಇರಲಿ. ಬರೀ ತೂತು ಕೊರೆದ ಪೈಪು, ಬಾಟಲಿ ಟ್ರ್ಯಾಪ್ ಎರಡೂ ಸೋತದ್ದು ಇಲ್ಲೇ: ಹುಳ ತಿಂದು ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ, ಅಗಲ ಬಾಯಾದರೆ ನಸಾರಿಯಸ್ ಬಸವನಹುಳು, ಹರ್ಮಿಟ್ ಏಡಿ ಮೊದಲು ನುಗ್ಗುತ್ತವೆ. ತೂಕಕ್ಕೆ ಒಳಗೆ ಎರಡು ಸಣ್ಣ ಗಾಜಿನ ಗೋಲಿ, ಪೈಪು ಕಟ್ಟಿಕೊಳ್ಳದಷ್ಟು ಸಣ್ಣವು. ಕಬ್ಬಿಣದ ನಟ್ಟು, ಸೀಸದ ಗುಂಡು ಎರಡೂ ಬೇಡ. ಮುಳುಗಿಸುವಾಗ ಓರೆ ಹಿಡಿದು ಗಾಳಿ ಪೂರ್ತಿ ಬಿಡಿಸಿ, ಇಲ್ಲದಿದ್ದರೆ ರಾತ್ರಿ ತೇಲುತ್ತದೆ. ನಾಲ್ಕು ಟ್ರ್ಯಾಪಿಗೆ ನೂರೈವತ್ತು ರೂಪಾಯಿ ದಾಟಲಿಲ್ಲ.

ಬೇಟ್, ಅಂದರೆ ಹುಳವನ್ನು ಸೆಳೆಯಲು ಟ್ರ್ಯಾಪಿನೊಳಗೆ ಇಡುವ ತಿನಿಸಿನ ವಿಚಾರದಲ್ಲಿ ಬಹಳ ಆಟ ಆಡಿದ್ದೇನೆ. ಬಂಗುಡೆ ಎಣ್ಣೆ ಬಿಡುತ್ತದೆ, ಬೆಳಿಗ್ಗೆ ನೀರಿನ ಮೇಲೆ ಪೊರೆ, ಸ್ಕಿಮ್ಮರ್ ಮಂಕು. ಪೆಲೆಟ್ ಒಂದು ಗಂಟೆಯಲ್ಲಿ ಹಿಟ್ಟಾಗುತ್ತದೆ. ಸೀಗಡಿ ಪರವಾಗಿಲ್ಲ. ಎಲ್ಲಕ್ಕಿಂತ ಮೇಲು ರಸೆಲ್ ಮಾರ್ಕೆಟ್ಟಿನ ಹಸಿ ಬೊಂಡಾಸ್ (ಸ್ಕ್ವಿಡ್): ರಾತ್ರಿಯಿಡೀ ಗಟ್ಟಿಯಾಗಿರುತ್ತದೆ, ವಾಸನೆ ನಿಧಾನ ಬಿಡುತ್ತದೆ. ಹೆಬ್ಬೆರಳ ಉಗುರಿನಷ್ಟು ತುಂಡು ಸಾಕು. ಅದನ್ನು ಹಾಕುವ ಮುಂಚೆ ಇನ್ನೊಂದರಲ್ಲಿ ನೆನೆಸುತ್ತೇನೆ, ಅದೇನೆಂದು ಸದ್ಯ ಹೇಳುವುದಿಲ್ಲ. ಅದಿಲ್ಲದೆಯೂ ಕೆಲಸ ನಡೆಯುತ್ತದೆ.

ಲೈಟ್ ಆರಿ ಒಂದು ಗಂಟೆ ಕಳೆದ ಮೇಲೆ ಟ್ರ್ಯಾಪ್ ಇಟ್ಟು, ಇಟ್ಟ ಮೂರು ಗಂಟೆಯೊಳಗೆ ಎತ್ತಬೇಕು. ಬೆಳಗಿನವರೆಗೆ ಬಿಟ್ಟರೆ ಸಿಕ್ಕಿಬಿದ್ದ ಹುಳ ಸತ್ತು ಒಳಗೇ ಕೊಳೆಯುತ್ತವೆ. ಆರಂಭದ ರಾತ್ರಿಗಳಲ್ಲಿ ನಾಲ್ಕು ಟ್ರ್ಯಾಪಿಗೆ ಸೇರಿ ಮೂವತ್ತು-ನಲವತ್ತು ಬೀಳುತ್ತಿದ್ದವು. ತಿಂಗಳು ಕಳೆಯುವಷ್ಟರಲ್ಲಿ ಅದು ಏಳೆಂಟಕ್ಕೆ ಇಳಿಯಿತು, ಆಮೇಲೆ ಎರಡೋ ಮೂರೋ.

ಐದಾರು ಇಂಚಿನವು 4 ಎಂಎಂ ಸ್ಟ್ರಾದಲ್ಲಿ ಹಿಡಿಸುವುದಿಲ್ಲ. ಅವಕ್ಕೆ ಹೆಂಗಸರ ತೆಳು ನೈಲಾನ್ ಸಾಕ್ಸ್. ಒಳಗೆ ಬೊಂಡಾಸ್ ಮತ್ತು ಗೋಲಿ ಹಾಕಿ, ಬಾಯಿ ಗಂಟು ಕಟ್ಟಿ, ಕಲ್ಲಿನ ಬುಡಕ್ಕೆ ತಾಗಿಸಿ ಇಡಬೇಕು. ಹುಳ ನೂಲಿನ ನಡುವೆ ಮೂತಿ ತೂರಿಸುತ್ತದೆ, ಪಕ್ಕದ ಕೂದಲು ನೂಲಿಗೆ ಸಿಕ್ಕಿಕೊಳ್ಳುತ್ತದೆ. ಎತ್ತಿದಾಗ ಅರ್ಧ ಮೈ ಒಳಗೆ, ಅರ್ಧ ಹೊರಗೆ, ಗೊಂಚಲೆಲ್ಲ ಬೆಳ್ಳಗೆ ಅರಳಿ ಜೋತಾಡುತ್ತಿರುತ್ತದೆ. ಎಳೆದು ಬಿಡಿಸಬಾರದು, ಸಾಕ್ಸ್ ಸಮೇತ ಎಸೆಯಿರಿ. ಚಿಮಟದಲ್ಲಿ ಕಿತ್ತರೆ ತುಂಡಾಗುತ್ತದೆ, ಕಲ್ಲೊಳಗೆ ಉಳಿದ ತುಂಡು ಮತ್ತೆ ಪೂರ್ತಿ ಹುಳವಾಗಿ ಬೆಳೆಯುತ್ತದೆ. ಆ ಕೂದಲು ತೆಳು ಗ್ಲೌಸನ್ನೂ ಚುಚ್ಚಿ ಒಳಬರುತ್ತದೆ. ಚುಚ್ಚಿದರೆ ಉಜ್ಜಬೇಡಿ: ಸೆಲ್ಲೋಟೇಪ್ ಅಂಟಿಸಿ ಎಳೆಯಿರಿ, ಆಮೇಲೆ ವಿನಿಗರ್ ಹಚ್ಚಿ.

ನಡುವೆ ಎರಡು ಪ್ರಯೋಗ. ಫೆನ್‌ಬೆಂಡಜೋಲ್ ಎಂಬ ಜಂತುಹುಳದ ಔಷಧಿ ಹಾಕಿ ಎಂದು ಗೆಳೆಯರ ಒತ್ತಾಯ ಜೋರಿತ್ತು, ಹಾಗಾಗಿ ಒಂದು ಕಲ್ಲು, ಒಂದು ಝೀನಿಯಾ ತುಂಡನ್ನು ಬಕೆಟ್ಟಿನಲ್ಲಿಟ್ಟು ನೋಡಿದೆ. ಹುಳ ಸತ್ತವು, ಝೀನಿಯಾ ಕರಗಿತು, ಕಲ್ಲೊಳಗೆ ಸತ್ತದ್ದರಿಂದ ಅಮೋನಿಯಾ ಏರಿತು. ಆ ಔಷಧಿ ಕಲ್ಲಿನಲ್ಲಿ ಬಹಳ ಕಾಲ ಕೂರುತ್ತದೆ, ಟರ್ಬೋ ಬಸವನಹುಳುಗಳಿಗೂ ವಿಷ. ಮುಖ್ಯ ಟ್ಯಾಂಕಿಗೆ ಯಾವತ್ತೂ ಬೇಡ. ಇನ್ನೊಂದು, ಸಕ್ಕರೆ-ಉಪ್ಪು ಯಾವುದೂ ಇಲ್ಲದ ಸಾದಾ ಸೋಡಾ. ಕಲ್ಲನ್ನು ನೀರಿನಿಂದ ಎತ್ತಿ ಬೇರೆ ಬಕೆಟ್ಟಿನ ಮೇಲೆ ಹಿಡಿದು, ತೂತಿಗೆ ಸಿರಿಂಜಿನಿಂದ ಐದಾರು ಎಂಎಲ್ ಬಿಟ್ಟರೆ ಅರ್ಧ ನಿಮಿಷದಲ್ಲಿ ಹುಳ ತಾನೇ ಹೊರಬೀಳುತ್ತದೆ. ಹೊಸ ಫ್ರ್ಯಾಗ್ ಪ್ಲಗ್ಗಿನ (ಹವಳದ ತುಂಡು ಅಂಟಿಸಿ ಮಾರುವ ಬಿಲ್ಲೆ) ಅಡಿಗೂ ಇದೇ ಮಾಡುತ್ತೇನೆ. ಹವಳಕ್ಕೆ ಸೋಡಾ ತಾಗದಿದ್ದರೆ ತೊಂದರೆಯಿಲ್ಲ.

ಒಂದನ್ನೂ ಬಿಡದೆ ತೆಗೆಯುವುದು ನನ್ನ ಗುರಿಯಲ್ಲ. ಕಲ್ಲಿನ ಹಿಂದೆ ಮೀನು ಸತ್ತರೆ ನಮಗೆ ಗೊತ್ತಾಗುವ ಮೊದಲೇ ಅವು ಮುಗಿಸಿಬಿಡುತ್ತವೆ, ಟ್ಯಾಂಕ್ ಉಳಿಯುತ್ತದೆ. ಟ್ರ್ಯಾಪಿಗೆ ಬಿದ್ದವುಗಳಲ್ಲಿ ಚಿಕ್ಕವನ್ನು ಸಂಪಿನ ಕೊನೆಯ ಖಾನೆಗೆ ಬಿಡುತ್ತೇನೆ, ಅಲ್ಲಿ ಕೂರುವ ಕೆಸರು ಅರ್ಧಕ್ಕರ್ಧ ಕಡಿಮೆಯಾಗಿದೆ. ನೀರನ್ನು ಮೇಲಿನ ಟ್ಯಾಂಕಿಗೆ ವಾಪಸ್ ಕಳಿಸುವ ಆ ಖಾನೆಯ ರಿಟರ್ನ್ ಪಂಪಿಗೆ ಒರಟು ಸ್ಪಂಜ್ ಕಟ್ಟಿ, ಇಲ್ಲದಿದ್ದರೆ ಪಂಪಿನೊಳಗೆ ತಿರುಗುವ ಇಂಪೆಲ್ಲರಿಗೆ ಹುಳ ಸುತ್ತಿಕೊಳ್ಳುತ್ತವೆ. ಈಗ ತಿಂಗಳಿಗೊಮ್ಮೆ ಎರಡೇ ಟ್ರ್ಯಾಪ್ ಇಡುತ್ತೇನೆ. ಹತ್ತಕ್ಕಿಂತ ಹೆಚ್ಚು ಬಿದ್ದ ತಿಂಗಳು ಕ್ಯೂಬ್ ಮತ್ತೆ ಅರ್ಧಕ್ಕೆ ಇಳಿಯುತ್ತದೆ.